ಎಣಿಸಬಾರದ ರೊಟ್ಟಿ

ನಮ್ಮತ್ತೆ ಪಾರ್ವತೆವ್ವನಿಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ಕೆ.ಆರ್. ಪುರದ ಸಂತೆಯಲ್ಲಿ ಬದನೆಕಾಯಿಯವನು ತಕ್ಕಡಿಯನ್ನು ಒಂಚೂರು ವಾಲಿಸಿದರೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಜೋಳದ ಚೀಲ ಬಂದರೆ ತಾವೇ ಕುಳಿತು ಸೇರಿನಲ್ಲಿ ಅಳೆದು ಡಬ್ಬಿಗೆ ತುಂಬುತ್ತಿದ್ದರು. ಮೊದಲನೆಯ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಅವರ ಕಡೆಯ ಪದ್ಧತಿ. "ಲಾಭ, ಎರಡು, ಮೂರು" ಎಂದು ಗಟ್ಟಿಯಾಗಿ ಹೇಳುತ್ತಲೇ ಅಳೆಯುತ್ತಿದ್ದರು. ಆದರೆ ಅದೇ ಜೋಳ ರೊಟ್ಟಿಯಾಗಿ ಬುಟ್ಟಿಗೆ ಬಿತ್ತೋ, ಮುಗಿಯಿತು, ಆಮೇಲೆ ಅದನ್ನು ಎಣಿಸುವಂತಿಲ್ಲ.

"ಉಣ್ಣೋರ ರೊಟ್ಟಿ ಎಣಸಬಾರದು. ಎಣಿಸಿದ್ರ ಉಂಡಾವ್ನ ಮೈಗೆ ಹತ್ತಂಗಿಲ್ಲ," ಎಂದು ನಾನು ಸೊಸೆಯಾಗಿ ಬಂದ ವಾರದಲ್ಲೇ ಹೇಳಿದ್ದರು.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ನಮ್ಮಪ್ಪ ಮಾರ್ಕೆಟ್ಟಿನ ಹತ್ತಿರದ ಒಂದು ಟಿಫನ್ ರೂಮಿನಲ್ಲಿ ಕ್ಯಾಷಿಯರ್ ಆಗಿದ್ದರು. ಅಲ್ಲಿ ಒಂದು ಪ್ಲೇಟೆಂದರೆ ಎರಡು ಇಡ್ಲಿ. ಮೂರನೆಯದು ಬೇಕಾದರೆ ಕೇಳಬೇಕು, ಕೊಡುವವನು ಒಳಗೆ ಕೂಗಿ ಹೇಳಬೇಕು. ತಮಿಳಿನವರು, ಸಾಬರು, ಮಿಲಿಟರಿಯವರು, ಎಲ್ಲರ ಇಡ್ಲಿಯನ್ನೂ ಊರೆಲ್ಲ ಎಣಿಸುತ್ತಿತ್ತು, ಯಾರ ಮೈಯೂ ಸೊರಗಲಿಲ್ಲ. ಹಾಗಾಗಿ ಅತ್ತೆಯ ಮಾತು ಕೇಳಿ ನಾನು ಒಳಗೊಳಗೇ ನಕ್ಕಿದ್ದೆ. ಹೊಸ ಸೊಸೆ ಬೇರೆ ಏನು ಮಾಡಿಯಾಳು?

ಕಗ್ಗದಾಸಪುರದ ರೈಲ್ವೆ ಗೇಟಿನ ಈಚೆಗೆ ನಮ್ಮ ಖಾನಾವಳಿ. ನಮ್ಮ ಮಾವ ಅದನ್ನು ಶುರುಮಾಡಿದಾಗ ಸುತ್ತ ರಾಗಿ ಹೊಲ ಇತ್ತಂತೆ. ಕೆಲಸಕ್ಕೆ ಬಂದ ಯಾದಗಿರಿ, ಕಲಬುರ್ಗಿ ಕಡೆಯ ಜನಕ್ಕೆ ಜೋಳದ ರೊಟ್ಟಿ ಸಿಗುವ ಜಾಗ ಅದೊಂದೇ ಆಗಿತ್ತು. ಮಾವ ತೀರಿಕೊಂಡ ಮೇಲೂ ಅತ್ತೆ ಬಾಗಿಲು ಹಾಕಲಿಲ್ಲ. ನನ್ನ ಗಂಡ ಗುರುಕಿರಣ ಗಲ್ಲಾದಲ್ಲಿ ಕೂತ, ನಾನು ಬಡಿಸುವುದಕ್ಕೆ ನಿಂತೆ. ಊಟವೆಂದರೆ ಹೊಟ್ಟೆ ತುಂಬುವಷ್ಟು. ಬುಟ್ಟಿ ಹಿಡಿದು ಅತ್ತೆ ಸಾಲಿನಲ್ಲಿ ಬಂದರೆ ಉಣ್ಣುವವರು ಎರಡೂ ಕೈಯನ್ನು ತಟ್ಟೆಗೆ ಅಡ್ಡ ಇಡುವವರೆಗೂ ರೊಟ್ಟಿ ಬೀಳುತ್ತಲೇ ಇರುತ್ತಿತ್ತು. ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಇನ್ನೊಂದನ್ನು ತೂರಿಸಿದರೇ ಅವರಿಗೆ ಸಮಾಧಾನ.

ಅಷ್ಟರಲ್ಲಿ ಟೆಕ್ ಪಾರ್ಕು ಎದ್ದಿತು. ಹೊಲವಿದ್ದಲ್ಲಿ ಫ್ಲಾಟುಗಳಾದವು. ಕುತ್ತಿಗೆಗೆ ಬ್ಯಾಡ್ಜು ತೂಗಿಸಿಕೊಂಡ ಹುಡುಗ ಹುಡುಗಿಯರು ಗುಂಪುಗುಂಪಾಗಿ ಊಟಕ್ಕೆ ಬರತೊಡಗಿದರು. ಅವರಲ್ಲಿ ಹಾವೇರಿಯ ಕೇದಾರ್ ಎಂಬವನೊಬ್ಬ ಬಂದ ಹೊಸದರಲ್ಲಿ, "ಅಮ್ಮಾರೆ, ನಮ್ಮವ್ವನ ಕೈರುಚಿ ನೆನಪಾತ್ರಿ," ಎಂದು ಐದು ರೊಟ್ಟಿ ಉಂಡು ಎದ್ದಿದ್ದ. ವರ್ಷ ತುಂಬುವುದರೊಳಗೆ ಅವನಿಗೆ ಎರಡು ಸಾಕಾಯಿತು. ಬೆಳಗಿನಿಂದ ಕುರ್ಚಿಯಲ್ಲಿ ಕೂತಿದ್ದವನಿಗೆ ಹಸಿವೆಲ್ಲಿಂದ ಬರಬೇಕು? ಅವನ ಜೊತೆಗೆ ಬರುತ್ತಿದ್ದ ವೈಷ್ಣವಿಯಂತೂ ಇನ್ನೂ ಒಂದು ಕೈ ಮೇಲು.

"ಮೇಡಂ, ಹಾಫ್ ಮೀಲ್ಸ್ ಇಲ್ವಾ? ಇಷ್ಟೊಂದು ತಿನ್ನೋಕಾಗಲ್ಲ ನಂಗೆ. ರೈಸ್ ಬೇಡ್ವೇ ಬೇಡ," ಎಂದು ಅವಳು ನನಗೆ ಹೇಳುತ್ತಿರುವಾಗಲೇ ಅತ್ತೆ ಹಿಂದಿನಿಂದ ಬಂದು ಒಂದು ರೊಟ್ಟಿ ಹಾಕಿ ಹೋಗುತ್ತಿದ್ದರು. ಅವಳು ಅದನ್ನು ಮುಟ್ಟದೆ ಎದ್ದು ಕೈ ತೊಳೆಯುತ್ತಿದ್ದಳು.

ಮುರಿದು ಬಿಟ್ಟ ರೊಟ್ಟಿ, ತೋಡಿ ಬಿಟ್ಟ ಎಣ್ಣೆಗಾಯಿ, ಮೇಲೆ ಸುರಿದ ಮಜ್ಜಿಗೆ. ಮಧ್ಯಾಹ್ನ ಎಮ್ಮೆಯವನು ಎಂಜಲಿನ ಬಕೆಟ್ಟು ಎತ್ತುವಾಗ ಅತ್ತೆ ಹಿತ್ತಲಿಗೆ ಬರುತ್ತಲೇ ಇರಲಿಲ್ಲ. ಒಳಗೆ ನಿಂತು, "ಇವ್ರಿಗೆ ಅನ್ನದ ಭಯ ಇಲ್ಲೇನವಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನೇ ತಟ್ಟೆಯಲ್ಲಿ ಬಿಟ್ಟು ಎದ್ದವಳು ಎನ್ನುವ ಹಾಗೆ.

ಆಗ ನಾನು ನಮ್ಮ ಹಲಸೂರಿನ ಬುದ್ಧಿ ಓಡಿಸಿದೆ. ಮುಂದಿನ ಟೇಬಲ್ಲುಗಳಿಗೆ ಪ್ಲೇಟ್ ಊಟ: ಎರಡು ರೊಟ್ಟಿ, ಎರಡು ಪಲ್ಯ, ಒಂದು ಬಟ್ಟಲು ಅನ್ನ, ಅಷ್ಟೇ. ಹಿಂದಿನ ಬೆಂಚುಗಳಿಗೆ ಮೊದಲಿನ ಹಾಗೆ ಹೊಟ್ಟೆ ತುಂಬ. ಅತ್ತೆ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೆಯ ದಿನ ಬಕೆಟ್ಟು ನೋಡಿ ಒಪ್ಪಿದರು.

"ಆತು, ಮುಂದ ಏನರ ಮಾಡ್ಕೊ. ಹಿಂದಿನ ಬೆಂಚಿಗೆ ಮಾತ್ರ ನಿನ್ನ ಎಣಿಸೋ ಬಾಯಿ ತರಬ್ಯಾಡ."

ಆ ಹಿಂದಿನ ಬೆಂಚಿನ ಅರಸ ಜಟ್ಟೆಪ್ಪ. ಶಹಾಪುರದ ಕಡೆಯವನು, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಸ್ಲ್ಯಾಬ್ ಹಾಕುವ ಮೊದಲು ಹಲಗೆ ಬಡಿದು ನಿಲ್ಲಿಸುವವನು. ಹೆಂಡತಿ ಮಕ್ಕಳು ಊರಿನಲ್ಲಿ. ಗೇಟಿನ ಆಚೆಗೆ ಭೀಮು ಎಂಬ ಜೊತೆಗಾರನ ಸಂಗಡ ಒಂದು ಬಾಡಿಗೆ ಕೋಣೆಯಲ್ಲಿದ್ದ. ಅತ್ತೆಯನ್ನು ಅವನು ಯವ್ವಾ ಎನ್ನುತ್ತಿದ್ದ, ನನ್ನನ್ನು ತಂಗಿ. ತಟ್ಟೆಗೆ ಕೈ ಅಡ್ಡ ಇಡುವುದು ಅವನ ಜಾತಕದಲ್ಲೇ ಇರಲಿಲ್ಲ. ಅತ್ತೆ ಹಾಕಿದಷ್ಟೂ ಉಣ್ಣುವನು, ಉಂಡು ತಟ್ಟೆಯನ್ನು ಬೆರಳಿನಿಂದ ಒರೆಸಿ ಬೆಳ್ಳಗೆ ಮಾಡಿ ಏಳುವನು. ಮುಂದಿನ ಟೇಬಲ್ಲುಗಳು ಅತ್ತೆಗೆ ಕೊಟ್ಟ ನೋವನ್ನೆಲ್ಲ ಇವನ ತಟ್ಟೆ ತೊಳೆದು ಹಾಕುತ್ತಿತ್ತು.

"ಊಟ ಬಲ್ಲವನಿಗೆ ರೋಗವಿಲ್ಲ ಅಂತ ಸುಮ್ಮನ ಅಂದಾರೇನು? ನೋಡು, ಹಿಂಗ ಉಣಬೇಕು," ಎಂದು ಅತ್ತೆ ಅವನನ್ನು ತೋರಿಸಿ ಕೇದಾರನಿಗೆ ಬುದ್ಧಿ ಹೇಳುತ್ತಿದ್ದರು. ಊಟ ಬಲ್ಲವನೆಂದರೆ ಜಾಸ್ತಿ ಉಣ್ಣುವವನು ಎಂಬುದು ಅವರ ಅರ್ಥ. ತಿದ್ದುವುದಕ್ಕೆ ಹೋಗಿ ಬೈಸಿಕೊಳ್ಳುವವರು ಯಾರು?

ಆದರೆ ಆ ಬೇಸಿಗೆ ಕಳೆಯುವ ಹೊತ್ತಿಗೆ ನನ್ನ ಕಣ್ಣಿಗೆ ಒಂದು ಬೀಳತೊಡಗಿತು. ಜಟ್ಟೆಪ್ಪ ಬಂದ ಕೂಡಲೇ ನೀರಿನ ಜಗ್ಗು ಎತ್ತಿ ಗಟಗಟ ಕುಡಿಯುತ್ತಿದ್ದ, ತುಂಬಿಸಿ ಇಟ್ಟರೆ ಅದನ್ನೂ ಖಾಲಿ ಮಾಡುತ್ತಿದ್ದ. ಊಟದ ನಡುವೆ ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದ. ರೊಟ್ಟಿ ಮೊದಲಿಗಿಂತ ಹೆಚ್ಚಾಗಿತ್ತು, ಅಂಗಿ ಮಾತ್ರ ದಿನೇದಿನೇ ದೊಡ್ಡದಾಗುತ್ತಿತ್ತು. ಪ್ಯಾಂಟು ನಿಲ್ಲಲಿ ಎಂದು ಸೆಂಟ್ರಿಂಗಿನ ಸುತಲಿ ಹಗ್ಗವನ್ನೇ ಸೊಂಟಕ್ಕೆ ಕಟ್ಟಿಕೊಂಡಿದ್ದ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಹತ್ತಿದಾಗಲೂ ಹೀಗೇ ಆಗಿತ್ತು. ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಅಮ್ಮ ಅಪ್ಪನನ್ನು ಗೇಲಿ ಮಾಡುತ್ತಿದ್ದಳು, ಆಮೇಲೆ ಡಾಕ್ಟರು ಹೇಳಿದ ಮೇಲೆ ಕೂತು ಅತ್ತಳು.

ಅತ್ತೆಗೆ ಹೇಳಿದೆ. "ಜಟ್ಟೆಪ್ಪಣ್ಣ ಸೊರಗ್ತಾ ಇದಾರೆ ಅತ್ತೆ. ಒಂದ್ಸಲ ರಕ್ತ ಟೆಸ್ಟ್ ಮಾಡಿಸ್ಕೊಳ್ಳೋಕೆ ಹೇಳ್ಬೇಕು. ಎಷ್ಟು ತಿಂತಾರೆ ನೋಡಿದೀರಾ?"

ಅತ್ತೆಯ ಕೈಯಲ್ಲಿದ್ದ ಹಿಟ್ಟು ಹಾಗೆಯೇ ನಿಂತಿತು. "ಉಣ್ಣಾವ್ನ ನೋಡ್ತೀಯೇನು ನೀ? ಬಿಸಲಾಗ ದುಡಿತಾನ, ಸೊರಗ್ಯಾನ. ಉಣ್ಣೋದು ಸಾಲವಲ್ದು ಅಂತ ತಿಳಕೊ."

ಅಂದಿನಿಂದ ಅವನ ಉಪಚಾರ ಇನ್ನೂ ಜೋರಾಯಿತು. ರೊಟ್ಟಿಯ ಮೇಲೆ ತುಪ್ಪ, ಮೇಲಿಂದ ಒಂದು ಬಟ್ಟಲು ಬೆಲ್ಲದ ಸಜ್ಜಕ, ಸೋಮವಾರಕ್ಕೆ ಹೋಳಿಗೆ, ಹೊರಡುವಾಗ ಕೈಗೊಂದು ಬೆಲ್ಲದ ಉಂಡಿ. ಅವನು ಮಗುವಿನಂತೆ ತಿನ್ನುತ್ತಿದ್ದ. ನನಗೆ ಒಂದೊಂದು ಉಂಡಿಗೂ ಸಿಟ್ಟು ಬರುತ್ತಿತ್ತು. ಗುರುಕಿರಣನಿಗೆ ಹೇಳಿದರೆ, "ಅವ್ವನ ಹತ್ರ ನಾನ್ಯಾಕೆ ಬೈಸ್ಕೊಳ್ಲಿ, ನೀನೇ ಹೇಳ್ಕೊ," ಎಂದು ಕೈ ತೊಳೆದುಕೊಂಡ. ಗಂಡಸರ ಧೈರ್ಯ ಗೊತ್ತಿರುವುದೇ.

ಶ್ರಾವಣ ಸೋಮವಾರ ಅತ್ತೆ ಹಲಸೂರಿನ ಸೋಮೇಶ್ವರನ ಗುಡಿಗೆ ಹೋದರು. ಬುಟ್ಟಿ ನನ್ನ ಕೈಗೆ ಬಂತು. ಅಂದು ಜಟ್ಟೆಪ್ಪನ ರೊಟ್ಟಿಗಳನ್ನು ನಾನು ಮನಸ್ಸಿನಲ್ಲೇ ಎಣಿಸಿದೆ, ಬೇಕೆಂದೇ ಎಣಿಸಿದೆ. ಅವನು ಮತ್ತೆ ಬುಟ್ಟಿಯ ಕಡೆ ನೋಡಿದಾಗ ಹತ್ತಿರಕ್ಕೆ ಬಗ್ಗಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ.

"ಜಟ್ಟೆಪ್ಪಣ್ಣ, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕು ಆಯ್ತು. ಮುಂಚೆ ನೀವು ಇಷ್ಟು ತಿಂತಿರಲಿಲ್ಲ. ಒಂದ್ಸಲ ಡಾಕ್ಟರ್‌ಗೆ ತೋರಿಸ್ಕೊಳ್ಳಿ."

ಅವನ ಕೈ ಬಾಯಿಯ ಹತ್ತಿರಕ್ಕೆ ಹೋಗಿದ್ದು ಕೆಳಗಿಳಿಯಿತು. ಪಕ್ಕದಲ್ಲಿ ಕೂತಿದ್ದ ಭೀಮುವಿಗೆ ಉಳಿದ ಮಾತು ಯಾವುದೂ ಕೇಳಿಸಲಿಲ್ಲ, ಹದಿನಾಲ್ಕು ಒಂದೇ ಕೇಳಿಸಿತು.

"ಹದಿನಾಕು ರೊಟ್ಟಿ ಉಂಡಿಯೇನಲೇ ಜಟ್ಯಾ? ತಂಗಿ ಎಣಿಸ್ಯಾಳ ನೋಡ್ರಪೋ!" ಎಂದು ಅವನು ಬೆಂಚಿಗೆ ಬೆಂಚೇ ಕೇಳುವ ಹಾಗೆ ಕೂಗಿದ. ಎಲ್ಲರೂ ನಕ್ಕರು. ಮುಂದಿನ ಟೇಬಲ್ಲಿನವರೂ ತಿರುಗಿ ನೋಡಿದರು. ಜಟ್ಟೆಪ್ಪ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ. ಅವನು ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಇಲ್ಲ. ಸೈಟಿನಲ್ಲಿ ಎಲ್ಲರೂ ಅವನನ್ನು ಹದಿನಾಲ್ಕು ಎಂದೇ ಕರೆಯುತ್ತಿದ್ದಾರೆ ಎಂದು ಭೀಮು ನಗುತ್ತ ಅತ್ತೆಗೆ ಹೇಳಿಬಿಟ್ಟ. ನಾಲಿಗೆಗೆ ಎಲುಬಿಲ್ಲವಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಉಪ್ಪು ಮೆಣಸಿನಕಾಯಿ ತಂದು ಅವನು ಕೂರುತ್ತಿದ್ದ ಖಾಲಿ ಜಾಗಕ್ಕೆ ಮೂರು ಸುತ್ತು ಇಳಿಸಿ ಒಲೆಗೆ ಹಾಕಿದರು. ಘಾಟಿಗೆ ಮುಂದಿನ ಟೇಬಲ್ಲಿನ ವೈಷ್ಣವಿ ಕೆಮ್ಮಿ ಕೆಮ್ಮಿ ಸುಸ್ತಾದಳು. ಅತ್ತೆ ನನ್ನ ಹತ್ತಿರ ಮಾತು ನಿಲ್ಲಿಸಿದರು.

ನಾನು ಎಣಿಸಿದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ. ಆದರೆ ದಿನಕ್ಕೊಮ್ಮೆ ಹೊಟ್ಟೆ ತುಂಬ ಉಣ್ಣುತ್ತಿದ್ದವನು ಉಪವಾಸ ಬೀಳುವ ಹಾಗಾಯಿತಲ್ಲ ಎಂಬ ಕಳವಳ ಮಾತ್ರ ಬಿಡಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಕಟ್ಟಿಕೊಂಡು ಗೇಟು ದಾಟಿ ಅವನ ಕೋಣೆಗೆ ಹೋದೆ. ಜಟ್ಟೆಪ್ಪ ಹೊಸ್ತಿಲಲ್ಲಿ ಕೂತಿದ್ದ. ಕಾಲಿಗೆ ಹಳೆಯ ಬನಿಯನ್ನು ಹರಿದು ಸುತ್ತಿಕೊಂಡಿದ್ದ. ಪಕ್ಕದಲ್ಲಿ ಬೇಕರಿಯ ಬನ್ನಿನ ಕವರುಗಳಿದ್ದವು, ಒಂದು ಬಣ್ಣದ ಜ್ಯೂಸಿನ ದೊಡ್ಡ ಬಾಟಲಿಯೂ ಇತ್ತು.

"ಕಾಲಿಗೇನಾಯ್ತು?"

"ಹಲಗಿ ಮೊಳಿ ಚುಚ್ಚೇತಿ. ಸೆಂಟ್ರಿಂಗ್‌ನ್ಯಾಗ ಇದು ಇದ್ದದ್ದ."

"ಯಾವಾಗ?"

ಅವನು ನನ್ನ ಮುಖ ನೋಡಲಿಲ್ಲ. "ನಿಮ್ಮಲ್ಲಿ ಉಣ್ಣಾಕ ಬರೂದು ಬಿಡೂ ಮುಂಚೆನ ಆಗಿತ್ತು. ಮಾಯವಲ್ದು."

ಡಾಕ್ಟರ ಹತ್ತಿರ ಹೋಗೋಣ ಎಂದೆ. ಈಗಲೇ ಆಟೋ ತರುತ್ತೇನೆ ಎಂದೆ. ಸ್ಲ್ಯಾಬ್ ಇದೆ, ಆದಿತ್ಯವಾರ ನೋಡೋಣ ಎಂದ. ಡಬ್ಬಿಯನ್ನು ಮುಂದಿಟ್ಟರೆ ಅದನ್ನು ಮುಟ್ಟಲಿಲ್ಲ. "ಎಷ್ಟು ಅದಾವ ಇದರಾಗ?" ಎಂದು ಕೇಳಿದ. ಕುಹಕವೋ, ನಿಜವಾಗಿ ಕೇಳಿದನೋ ನನಗೆ ತಿಳಿಯಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ. ದಾರಿಯಲ್ಲಿ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವ ತನಕ ನಿಂತು ಕಣ್ಣೀರು ಹಾಕಿದೆ.

ಆದಿತ್ಯವಾರ ಬರಲೇ ಇಲ್ಲ. ಶುಕ್ರವಾರ ಊಟದ ಹೊತ್ತಿಗೆ ಭೀಮು ಓಡಿ ಬಂದ. "ಯವ್ವಾ, ಜಟ್ಯಾ ಕೆಲಸದಾಗ ಬಿದ್ದಾನ. ಕರದ್ರ ಓ ಅನ್ನವಲ್ಲ. ಶಿವಾಜಿನಗರಕ್ಕ ಒಯ್ದಾರ."

ಅತ್ತೆ ಒಲೆಯ ಮೇಲೆ ರೊಟ್ಟಿ ಬಿಟ್ಟು ಎದ್ದರು. ಹಂಚಿನ ಮೇಲೆ ರೊಟ್ಟಿ ಬಿಟ್ಟು ಅವರು ಎದ್ದದ್ದನ್ನು ಗುರುಕಿರಣನೂ ನೋಡಿರಲಿಲ್ಲವಂತೆ. ಆಟೋದಲ್ಲಿ ನನ್ನ ಪಕ್ಕ ಕೂತವರು ಹಲಸೂರು ಕೆರೆ ದಾಟುವಾಗ ಬಾಯಿ ಬಿಟ್ಟರು.

"ಬಡವ್ರ ಅನ್ನದ ಮ್ಯಾಲೆ ಕಣ್ಣ ಇಟ್ಟಿ. ನೋಡ್ದಿ ಈಗ?"

ಅವನು ಉಳಿಯಲಿ, ಆಮೇಲೆ ಅತ್ತೆ ಎಷ್ಟು ಬೇಕಾದರೂ ಬೈಯಲಿ ಎಂದುಕೊಂಡೆ.

ಸರ್ಕಾರಿ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಜಟ್ಟೆಪ್ಪ ಮಲಗಿದ್ದ. ಎರಡೂ ಕಡೆ ಬಾಟಲಿ ತೂಗುತ್ತಿತ್ತು. ಮಂಚದ ಮೇಲೆ ಅವನು ಅಷ್ಟು ಸಣ್ಣಗೆ ಕಂಡದ್ದು ನೋಡಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕನ್ನಡಕ ಹಾಕಿದ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಫೈಲು ಹಿಡಿದು ಬಂದರು.

"ಇವರ ಮನೆಯೋರು ಯಾರು?"

"ನಾನ್ರಿ," ಎಂದರು ಅತ್ತೆ. "ನಮ್ಮಲ್ಲೇ ಉಣ್ಣಾಂವ."

"ಶುಗರ್ ತುಂಬಾ ಜಾಸ್ತಿ ಆಗಿದೆ ಅಮ್ಮ. ಕಾಲಿನ ಗಾಯ ಕೊಳೆತಿದೆ, ಎರಡು ಬೆರಳು ತೆಗೀಬೇಕಾಗುತ್ತೆ. ಎಷ್ಟು ತಿಂಗಳಿಂದ ಹೀಗೆ? ಊಟ ಜಾಸ್ತಿ ಆಗಿತ್ತಾ? ಎಷ್ಟು ತಿಂತಿದ್ರು?"

ಅತ್ತೆ ಡಾಕ್ಟರ ಮುಖ ನೋಡಿದರು. "ನಾವು ಉಣ್ಣೋರ್ದು ಎಣಿಸಂಗಿಲ್ರಿ," ಎಂದರು. ಖಾನಾವಳಿಯಲ್ಲಿ ಎದೆ ಸೆಟೆಸಿ ಹೇಳುತ್ತಿದ್ದ ಅದೇ ಮಾತು ಅಲ್ಲಿ ಸಣ್ಣ ದನಿಯಲ್ಲಿ ಬಂತು.

"ಯಾರಾದ್ರೂ ನೋಡಿರ್ತಾರಲ್ಲ?"

ಆಗ ನಾನು ಹೇಳಿದೆ. ಯುಗಾದಿಯ ಹೊತ್ತಿಗೆ ಕಣ್ಣಂದಾಜಿಗೆ ಏಳೋ ಎಂಟೋ ಇತ್ತು, ಮಳೆ ಹಿಡಿಯುವಾಗ ಹತ್ತು ದಾಟಿತ್ತು, ಶ್ರಾವಣಕ್ಕೆ ಹದಿನಾಲ್ಕು. ನೀರಿನ ಜಗ್ಗು, ಹಿತ್ತಲು, ಸೊಂಟದ ಸುತಲಿ ಹಗ್ಗ, ಎಲ್ಲವನ್ನೂ ಹೇಳಿದೆ. ಡಾಕ್ಟರು ಬರೆದುಕೊಳ್ಳುತ್ತ, "ಆಗಲೇ ಕರ್ಕೊಂಡು ಬಂದಿದ್ರೆ ಬೆರಳು ಉಳೀತಿತ್ತು," ಎಂದರು. ಬೈಗುಳವಲ್ಲ, ಎಲ್ಲರಿಗೂ ಹೇಳುವ ಹಾಗೆ ಹೇಳಿದರು. ಆ ಮಾತು ಅತ್ತೆಗೆ ತಾಗಿದಷ್ಟೇ ನನಗೂ ತಾಗಿತು.

ಹೊರಗೆ ಬೆಂಚಿನ ಮೇಲೆ ಕೂತ ಅತ್ತೆ ತುಂಬ ಹೊತ್ತು ಅಂಗೈ ನೋಡಿಕೊಂಡರು. ರೊಟ್ಟಿ ಬಡಿದು ಬಡಿದು ದಪ್ಪಗಾದ ಅಂಗೈ. ಹಿಟ್ಟು ಇನ್ನೂ ಉಗುರಿನಲ್ಲಿತ್ತು.

"ಬೆಲ್ಲದ ಉಂಡಿ ನಾನ ಕೊಡ್ತಿದ್ದೆ," ಎಂದರು.

ಸಮಾಧಾನ ಹೇಳಬೇಕೆನಿಸಿತು. ನೀವು ತಿಳಿಯದೆ ಕೊಟ್ಟಿರಿ ಎನ್ನಬಹುದಿತ್ತು. ಆದರೆ ನಾನು ತಿಳಿದು ಹೇಳಿದ್ದೆನಲ್ಲ, ಕೇಳಲಿಲ್ಲವಲ್ಲ ಎಂಬ ಸಿಟ್ಟು ಇನ್ನೂ ಆರಿರಲಿಲ್ಲ. ಎದ್ದು ಹೋಗಿ ಎರಡು ಟೀ ತಂದೆ. ಅತ್ತೆ ಕುಡಿಯಲಿಲ್ಲ.

ಜಟ್ಟೆಪ್ಪ ಉಳಿದ. ಎರಡು ಬೆರಳು ಹೋದವು. ದೀಪಾವಳಿಯ ಮುಂಚೆ ಒಂದು ಮಧ್ಯಾಹ್ನ ಭೀಮುವಿನ ಹೆಗಲು ಹಿಡಿದು ಕುಂಟುತ್ತ ಬಂದು ಹಿಂದಿನ ಬೆಂಚಿನಲ್ಲಿ ತನ್ನ ಜಾಗಕ್ಕೆ ಕೂತ. ನನ್ನ ಕಡೆ ನೋಡಲಿಲ್ಲ. ಡಾಕ್ಟರು ಹೇಳಿ ಕಳಿಸಿದ್ದು ಎಲ್ಲರಿಗೂ ಗೊತ್ತಿತ್ತು: ಹೊತ್ತಿಗೆ ಎರಡು ರೊಟ್ಟಿ, ಸೊಪ್ಪು, ಕಾಳು. ಅನ್ನ ಇಲ್ಲ, ಬೆಲ್ಲದ ಸುದ್ದಿಯೇ ಇಲ್ಲ. ಮುಂದಿನ ಟೇಬಲ್ಲಿನ ಪ್ಲೇಟ್ ಊಟ ಈಗ ಅವನದೂ ಆಗಿತ್ತು. ಅದೇ ಎರಡು ರೊಟ್ಟಿಯನ್ನು ಕೇದಾರ ಅತ್ತ ಕಡೆ ಫೋನ್ ನೋಡುತ್ತ ಅರ್ಧಕ್ಕೆ ಬಿಟ್ಟಿದ್ದ.

ನಾನು ಬುಟ್ಟಿಗೆ ಕೈ ಹಾಕಿದೆ. ಅತ್ತೆ ಬಂದು ಅದನ್ನು ಕಿತ್ತುಕೊಂಡರು. ಭೀಮುವೂ ಸೇರಿ ಬೆಂಚಿನವರೆಲ್ಲ ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಅತ್ತೆ ಒಂದು ರೊಟ್ಟಿ ಎತ್ತಿ ಅವನ ತಟ್ಟೆಗೆ ಹಾಕಿದರು.

"ಲಾಭ," ಎಂದರು.

ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಯಾರೂ ನಗಲಿಲ್ಲ. ಇನ್ನೊಂದು ಹಾಕಿ, "ಎರಡು," ಎಂದರು.

ಜಟ್ಟೆಪ್ಪ ಸೊಪ್ಪಿನ ಪಲ್ಯ ಹಚ್ಚಿಕೊಂಡು ಉಣ್ಣತೊಡಗಿದ. ಸಣ್ಣ ಸಣ್ಣ ತುತ್ತು ಮುರಿಯುತ್ತಿದ್ದ, ಬೇಗ ಮುಗಿಯಬಾರದು ಎಂದು. ಆದರೂ ಎರಡು ರೊಟ್ಟಿ ಎಷ್ಟು ಹೊತ್ತು ಬಂದಾವು? ತಟ್ಟೆ ಬರಿದಾಯಿತು. ಅವನು ಕೈ ಅಡ್ಡ ಇಡಲಿಲ್ಲ, ಅವನಿಗೆ ಅದು ಬರುವುದೇ ಇಲ್ಲ. ಅತ್ತೆಯ ಕೈ ತಾನಾಗಿ ಬುಟ್ಟಿಗೆ ಹೋಗಿ ಮೂರನೆಯದನ್ನು ಎತ್ತಿಬಿಟ್ಟಿತು.

ಹಾಗೆಯೇ ನಿಂತರು. ಬಡಿಸಲು ಎತ್ತಿದ ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಹಾಕುವುದು ಅವರ ಮನೆತನದಲ್ಲಿ ಇಲ್ಲ. ತಟ್ಟೆಗೆ ಹಾಕುವಂತೆಯೂ ಇಲ್ಲ. ಕೊನೆಗೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಅವನ ಎದುರಿಗೆ ನೆಲದ ಮೇಲೆ ಕುಕ್ಕರಿಸಿ, ಆ ರೊಟ್ಟಿಯನ್ನು ಮುರಿದು ತಾವೇ ಬಾಯಿಗೆ ಇಟ್ಟುಕೊಂಡರು. ಗಿರಾಕಿಗಳೆಲ್ಲ ಉಂಡು ಹೋಗುವ ಮುಂಚೆ ಅವರು ಒಂದು ತುತ್ತು ಮುಟ್ಟಿದವರಲ್ಲ. ಒಣ ರೊಟ್ಟಿ ಗಂಟಲಲ್ಲಿ ಇಳಿಯದೆ, ಕಣ್ಣಲ್ಲಿ ನೀರು ತುಂಬಿಕೊಂಡು ಅಗಿಯುತ್ತಿದ್ದರು.

ಜಟ್ಟೆಪ್ಪ ಅವರನ್ನು ನೋಡಿದ. ಆಮೇಲೆ ಶ್ರಾವಣದಿಂದ ಈಚೆಗೆ ಮೊದಲ ಸಲ ನನ್ನನ್ನು ತಂಗಿ ಎಂದು ಕರೆದ.

"ತಂಗಿ, ಯವ್ವಗ ಪಲ್ಯಾ ಹಾಕು. ಒಣಾ ರೊಟ್ಟಿ ಹ್ಯಾಂಗ ಉಂಡಾಳು?"

ನಾನು ಬೋಗುಣಿ ತಂದು ಅತ್ತೆಯ ಕೈಯಲ್ಲಿದ್ದ ರೊಟ್ಟಿಯ ಮೇಲೆ ಪಲ್ಯ ಹಾಕಿದೆ. ಎದ್ದು ನಿಂತಾಗ ಜಟ್ಟೆಪ್ಪನ ಕಣ್ಣು ನನ್ನ ಕಂಕುಳಲ್ಲಿದ್ದ ಬುಟ್ಟಿಯ ಮೇಲಿತ್ತು. ಅವನಿಗೆ ಇನ್ನೂ ಹಸಿವಿತ್ತು. ನಾನು ಬಟ್ಟೆ ಎಳೆದು ಬುಟ್ಟಿ ಮುಚ್ಚಿದೆ.